ಹಳೆ ಕಾರು ಪ್ರದರ್ಶನಕ್ಕೆ ಹೊರಟಿದೆಯೇ? ಅಡಿಯಿಂದ ಶುರು ಮಾಡಿ

ಕಾರವಾರದ ಕೋಡಿಬಾಗದ ಕಡೆ ಮನೆ ಇದ್ದವರಿಗೆ ಇದು ಗೊತ್ತು. ಸಂಜೆ ಒರೆಸಿಟ್ಟ ಕಿಟಕಿ ಗಾಜಿನ ಮೇಲೆ ಬೆಳಿಗ್ಗೆ ಬೆರಳು ಎಳೆದರೆ ಗೆರೆ ಮೂಡುತ್ತದೆ. ಆ ಬೆರಳನ್ನು ನಾಲಿಗೆಗೆ ತಾಗಿಸಿದರೆ ಉಪ್ಪು. ಇದೇ ಗಾಳಿಯಲ್ಲಿ ನನ್ನ 1984ರ ಪ್ರೀಮಿಯರ್ ಪದ್ಮಿನಿ ನಿಂತಿದೆ. ಎರಡು ವರ್ಷ ಬಿಡದೆ ಹಿಂದೆ ಬಿದ್ದು ರಿಪೇರಿ ಮಾಡಿಸಿದ ಕಾರು.

ಮೊದಲ ಸಲ ಅದನ್ನು ಪ್ರದರ್ಶನಕ್ಕೆ ಒಯ್ಯುವಾಗ ಮೂರು ದಿನ ಬರೀ ಪಾಲಿಶ್ ಹೊಡೆದಿದ್ದೆ. ಬಿಳಿ ಬಣ್ಣ ಹಾಲಿನ ಹಾಗೆ ಕಾಣುತ್ತಿತ್ತು. ತೀರ್ಪುಗಾರರು ಬಂದರು, ಒಂದು ಸುತ್ತು ಹಾಕಿದರು, ಎಡಗಡೆಯ ಬಾಗಿಲು ತೆಗೆದರು. ಬಾಗಿಲಿನ ಕೆಳ ಅಂಚಿನಿಂದ ಕಂದು ನೀರು ನಾಲ್ಕು ಹನಿ ಇಳಿದು ಬಿಳಿ ಪಟ್ಟಿಯ ಮೇಲೆ ಹರಿಯಿತು. ಹಿಂದಿನ ದಿನ ತೊಳೆದ ನೀರು ಒಳಗೇ ಉಳಿದಿತ್ತು. ನೀರು ಇಳಿದುಹೋಗಲಿ ಅಂತ ಬಾಗಿಲಿನ ಅಡಿಯಲ್ಲಿ ಇರುವ ತೂತುಗಳು ಕೆಂಪು ಮಣ್ಣು ಹಿಡಿದು ಮುಚ್ಚಿಹೋಗಿದ್ದವು. ತೀರ್ಪುಗಾರರು ಏನೂ ಹೇಳಲಿಲ್ಲ. ಕಾಗದದಲ್ಲಿ ಬರೆದುಕೊಂಡು ಮುಂದಿನ ಕಾರಿಗೆ ಹೋದರು. ಬಹುಮಾನದ ಮಾತು ಬಿಡಿ. ಆ ನೀರು ಎಷ್ಟು ದಿನದಿಂದ ನನ್ನ ಕಾರನ್ನು ಒಳಗಿಂದ ತಿನ್ನುತ್ತಿತ್ತೋ, ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಜಾಸ್ತಿ ನೋವಾಯಿತು.

ಊರಿಗೆ ಬಂದು ಗ್ಯಾರೇಜಿನ ಮೇಸ್ತ್ರಿಗೆ ಹೇಳಿದೆ. "ಕಾರು ಮೇಲಿಂದ ಹಾಳಾಗೂದಿಲ್ಲ ಮಾರಾಯ್ರೆ, ಅಡಿಯಿಂದ ಹಾಳಾಗ್ತದೆ. ದೋಣಿ ದಡಕ್ಕೆ ಎಳೆದ ಮೇಲೆ ಮೊದ್ಲು ಯಾವ ಬದಿ ಕೆರೀತಾರೆ, ನೋಡಿದ್ರಲ್ಲ?" ಎಂದರು. ಅಂದಿನಿಂದ ನಾನು ಅದೇ ಕ್ರಮ ಹಿಡಿದಿದ್ದೇನೆ. ಕರಾವಳಿಯಲ್ಲಿ ಹಳೆ ಕಾರು ಇಟ್ಟುಕೊಂಡವರು ಯಾರೇ ಕೇಳಿದರೂ ಇದನ್ನೇ ಹೇಳುತ್ತೇನೆ.

ಒಂದು ತಿಂಗಳು ಇರುವಾಗ: ಅಡಿ ಭಾಗ

ಕಾರನ್ನು ಜಾಕ್‌ನಲ್ಲಿ ಎತ್ತಿ, ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ನಮ್ಮಲ್ಲಿ ಕೈಗೆ ಸಿಗುತ್ತದೆ ಅಂತ ಚಿರೆಕಲ್ಲು ಇಡುತ್ತಾರೆ, ಅದಂತೂ ಬೇಡವೇ ಬೇಡ. ಭಾರ ಬಿದ್ದಾಗ ಚಿರೆಕಲ್ಲು ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತದೆ.

ಟಾರ್ಚ್ ಹಿಡಿದು ನಿಧಾನ ನೋಡಿ. ಚಕ್ರದ ಮೇಲಿನ ಕಮಾನಿನ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಅಂಟಿರುತ್ತದೆ. ಅದು ಸ್ಪಂಜಿನ ಹಾಗೆ ತೇವ ಹಿಡಿದಿಡುತ್ತದೆ. ಮರದ ಚಿಕ್ಕ ಕಡ್ಡಿಯಿಂದ ಕೆರೆದು ತೆಗೆಯಿರಿ. ಆಮೇಲೆ ಬಾಗಿಲುಗಳ ಅಡಿ, ಬಾಗಿಲ ಕೆಳಗಿನ ಉದ್ದ ಪಟ್ಟಿ, ಡಿಕ್ಕಿಯ ಮೂಲೆ, ಹೀಗೆ ನೀರು ಇಳಿಯುವ ತೂತುಗಳನ್ನೆಲ್ಲ ಹುಡುಕಿ. ಹಿಡಿಕಡ್ಡಿ ಅಥವಾ ಕೇಬಲ್ ಟೈ ಹಾಕಿ ಬಿಡಿಸಿ. ತಂತಿ ಹಾಕಿದರೆ ಅಂಚಿನ ಬಣ್ಣ ಕೆತ್ತಿ ಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು. ಮುಂದಿನ ಗಾಜಿನ ಕೆಳಗೆ ಗಾಳಿ ಒಳಬರುವ ಜಾಲರಿಯನ್ನೂ ಮರೆಯಬೇಡಿ. ಕಡಲ ಬದಿಯ ಗಾಳಿಮರದ ಸೂಜಿ ಎಲೆಗಳು ಅಲ್ಲಿ ಹೋಗಿ ಕೂತು ಕೊಳೆಯುತ್ತವೆ.

ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ಒಳಗೆ ತಿಂದ ತಗಡು, ಪುಟ್ಟಿ ತುಂಬಿದ ತಗಡು ಮಂಕಾಗಿ ದಪ್ ಅನ್ನುತ್ತದೆ. ತುಕ್ಕು ಸಿಕ್ಕಿದರೆ ಲೋಹ ಕಾಣುವವರೆಗೆ ಉಜ್ಜಿ, ಪ್ರೈಮರ್ ಹೊಡೆದು, ಪೂರ್ತಿ ಒಣಗಿದ ಮೇಲೆ ಕೋಟಿಂಗ್ ಮಾಡಿಸಿ. ತುಕ್ಕಿನ ಮೇಲೆಯೇ ಕಪ್ಪು ರಬ್ಬರ್ ಕೋಟಿಂಗ್ ಬಳಿದರೆ ಕಣ್ಣಿಗೆ ಚಂದ, ಆದರೆ ತೇವ ಒಳಗೇ ಸಿಕ್ಕಿಬಿದ್ದು ತುಕ್ಕಿನ ಕೆಲಸ ಇನ್ನೂ ಜೋರಾಗುತ್ತದೆ. ಬಾಗಿಲು, ಪಟ್ಟಿಗಳ ಒಳಗೆ ಉದ್ದ ಕೊಳವೆಯಿಂದ ಸಿಂಪಡಿಸುವ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗಗಳ ಒಳಗೆ ತುಕ್ಕು ತಡೆಯುವ ಮೇಣ) ಹಾಕಿಸಿ. ಸಿಂಪಡಿಸುವಾಗ ತೂತುಗಳು ಮತ್ತೆ ಮುಚ್ಚದಂತೆ ನೋಡಿಕೊಳ್ಳಿ.

ಕಾಗದ, ಪೆಟ್ರೋಲ್

ಖಾಸಗಿ ಕಾರಿಗೆ 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದರ ಜೊತೆ ವಿಮೆ, ಹೊಗೆ ತಪಾಸಣೆ ಚೀಟಿ ನೋಡಿಕೊಳ್ಳಿ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರಾದರೆ 2021ರ ಕೇಂದ್ರದ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷ ಚಾಲ್ತಿ. ಆ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂಥ ಕೆಲಸಕ್ಕಷ್ಟೇ ರಸ್ತೆಗೆ ಇಳಿಸಬಹುದು. 1964ರ ಫಿಯೆಟ್ 1100 ಡಿಲೈಟ್ ಇದ್ದವರು ಧಾರಾಳವಾಗಿ ಇದರೊಳಗೆ ಬರುತ್ತಾರೆ. ಅದೇ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಮೊದಮೊದಲ ಪದ್ಮಿನಿಗಳಿಗೆ 50 ದಾಟಿದೆ, 1984ರ ಕಾರು ಇಟ್ಟುಕೊಂಡ ನನ್ನಂಥವರು ಇನ್ನೂ ಕಾಯಬೇಕು.

ಪೆಟ್ರೋಲ್ ವಿಷಯದಲ್ಲಿ ಈಗ ಹೊಸದೊಂದು ಚಿಂತೆ. ಇಂದಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ, ಹಳೆ ಕಾಲದ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ತೆಗೆಸಿ, ಹೊಸದನ್ನು ಹಾಕಿಸಿ. ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಪೈಪ್ ಸೋರಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಬಿದ್ದರೆ ಇಡೀ ಕಾರೇ ಹೋಗುತ್ತದೆ, ಇಲ್ಲಿ ಉಳಿತಾಯ ನೋಡಬೇಡಿ.

ಇದ್ದದ್ದು ಇದ್ದ ಹಾಗೆ

ಹೊಳಪು ಜಾಸ್ತಿ ಇದ್ದಷ್ಟೂ ಅಂಕ ಜಾಸ್ತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ತೀರ್ಪುಗಾರರು ಹುಡುಕುವುದು ಕಾರ್ಖಾನೆಯಿಂದ ಹೊರಬಂದ ದಿನ ಈ ಕಾರು ಹೇಗಿತ್ತು ಎಂಬುದನ್ನು. ಪದ್ಮಿನಿಗೆ ಸ್ಟೇರಿಂಗ್ ಪಕ್ಕದ ಗೇರ್ ಸೊಬಗು. ಅದನ್ನು ತೆಗೆದು ನೆಲದ ಗೇರ್ ಹಾಕಿದರೆ, ಓಡಿಸಲು ಸುಲಭವಾದರೂ ಕಾರಿನ ಗುರುತೇ ಹೋಯಿತು. ಟೈರ್ ಅಳತೆಯೂ ಹಾಗೇ. ಪದ್ಮಿನಿಗೆ 5.20-14, ಅಂಬಾಸಿಡರ್‌ಗೆ 5.90-15. ಅಗಲದ ಅಲಾಯ್ ಚಕ್ರ ಹಾಕಿದ ಕಾರನ್ನು ಹುಡುಗರು ಮುತ್ತಿಕೊಂಡು ಫೋಟೊ ತೆಗೆಯುತ್ತಾರೆ, ತೀರ್ಪುಗಾರರು ನಿಲ್ಲದೆ ಹೋಗುತ್ತಾರೆ.

ಸಣ್ಣ ವಿಷಯಗಳಲ್ಲೇ ಕಾರು ಗೆಲ್ಲುತ್ತದೆ. ಚಪ್ಪಟೆ ಗೆರೆಯ ಸ್ಕ್ರೂ ಇರಬೇಕಾದಲ್ಲಿ ಪ್ಲಸ್ ಸ್ಕ್ರೂ ಇದೆಯೇ ನೋಡಿ. ವೈರಿಗೆ ಬಣ್ಣಬಣ್ಣದ ಇನ್ಸುಲೇಶನ್ ಟೇಪ್ ಸುತ್ತಿದ್ದರೆ ಬಿಡಿಸಿ ಸರಿಯಾಗಿ ಕಟ್ಟಿಸಿ. ಮೂಲದಲ್ಲಿ ಬರೀ ಬಣ್ಣ ಬಳಿದಿದ್ದ ಭಾಗಕ್ಕೆ ಕ್ರೋಮ್ ಮಾಡಿಸಬೇಡಿ. ಜಾಕ್, ಚಕ್ರದ ಪಾನಾ, ಅಂಬಾಸಿಡರ್ ಆದರೆ ಎಂಜಿನ್ ತಿರುಗಿಸುವ ಹ್ಯಾಂಡಲ್, ಕಾರಿನ ಜೊತೆ ಬಂದ ಪುಸ್ತಕ, ಇವೆಲ್ಲ ಇದ್ದರೆ ತೊಳೆದು ಡಿಕ್ಕಿಯಲ್ಲಿ ಜೋಡಿಸಿಡಿ. ನಮ್ಮ ಮನೆಯ ಅಟ್ಟದಲ್ಲಿ ಅಕ್ಕಿ ಡಬ್ಬಿಯ ಹಿಂದೆ ನನ್ನ ಕಾರಿನ ಮೂಲ ಪಾನಾ ಸಿಕ್ಕಿತ್ತು. ಅಪ್ಪ ಹಳೆ ಬನಿಯನ್ನಿನಲ್ಲಿ ಸುತ್ತಿ ಇಟ್ಟಿದ್ದರು, ಆ ಬಟ್ಟೆಗೆ ಇನ್ನೂ ಗ್ರೀಸ್ ವಾಸನೆ ಇತ್ತು. ಈಗ ಪ್ರತಿ ಪ್ರದರ್ಶನದಲ್ಲೂ ಅದು ಡಿಕ್ಕಿಯಲ್ಲಿ ಇರುತ್ತದೆ.

ನೀರು ಮೊದಲು ನಾಲಿಗೆಗೆ

ತೊಳೆಯುವ ಮೊದಲು ಬಾವಿಯ ನೀರು ಒಂದು ಹನಿ ನಾಲಿಗೆ ಮೇಲೆ ಹಾಕಿ ನೋಡಿ. ಕಡಲಿಗೆ, ನದಿಯ ಅಳಿವೆಗೆ ಹತ್ತಿರದ ಬಾವಿಗಳು ಬೇಸಿಗೆ ಬಂದ ಹಾಗೆ ಸವಳಾಗುತ್ತವೆ. ಆ ನೀರಲ್ಲಿ ತೊಳೆದರೆ ಉಪ್ಪನ್ನು ನಾವೇ ಹಚ್ಚಿದ ಹಾಗಾಯಿತು, ಅಲ್ವಾ? ನಲ್ಲಿಯ ಸಿಹಿನೀರು ಹಿಡಿದಿಟ್ಟುಕೊಳ್ಳಿ. ಗಾಜು, ಕ್ರೋಮ್ ಕೊನೆಯ ಸಲ ಒರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದು ಲೀಟರ್ ಸಾಕು, ಕಲೆ ಉಳಿಯುವುದಿಲ್ಲ.

ನೆರಳಲ್ಲಿ, ಬಾನೆಟ್ ತಣ್ಣಗಿರುವಾಗ ತೊಳೆಯಿರಿ. ಮೊದಲು ಬರೀ ನೀರು ಸುರಿದು ಧೂಳು ಇಳಿಸಿ. ಕೆಂಪು ಮಣ್ಣಿನ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಮರಳು ಕಾಗದ ಎಳೆದ ಹಾಗೆ ಗೀರು ಬೀಳುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ನೀರು. ಪಾತ್ರೆ ತೊಳೆಯುವ ಸೋಪು ಬೇಡ, ವ್ಯಾಕ್ಸ್ ಎಲ್ಲ ಎದ್ದು ಹೋಗುತ್ತದೆ. ತೊಳೆದ ಮೇಲೆ ನಾಲ್ಕೂ ಬಾಗಿಲು, ಬಾನೆಟ್, ಡಿಕ್ಕಿ ತೆಗೆದಿಟ್ಟು ಅರ್ಧ ದಿನ ಗಾಳಿಗೆ ಬಿಡಿ. ನಾನು ಮೊದಲ ಸಲ ತಪ್ಪಿದ್ದು ಇಲ್ಲೇ.

ಪಾಲಿಶ್ ಹಚ್ಚುವ ಮೊದಲು ಬಣ್ಣ ಯಾವ ಜಾತಿಯದು ತಿಳಿದುಕೊಳ್ಳಿ. ಬಾಗಿಲಿನ ಒಳ ಅಂಚಿನಂಥ ಕಾಣದ ಜಾಗದಲ್ಲಿ ಸ್ವಲ್ಪ ಪಾಲಿಶ್ ಹಾಕಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರ, ಇಲ್ಲ ಎಂದರ್ಥ. ಬಿಳಿ ಕಾರಾದರೆ ಕಪ್ಪು ಬಟ್ಟೆಯಲ್ಲಿ ನೋಡಿ. ಅಂಥ ಬಣ್ಣವನ್ನು ಮೆಷಿನ್ ಹಾಕಿ ಉಜ್ಜಿದರೆ ಅಂಚುಗಳಲ್ಲಿ ಪ್ರೈಮರ್ ಎದ್ದು ಬರುತ್ತದೆ, ಕೈಯಲ್ಲೇ ಮಾಡಿ. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಒಂದರಿಂದ ಮೂರು ತಿಂಗಳು ವ್ಯಾಕ್ಸ್ ಹಚ್ಚಬೇಡಿ, ಎಷ್ಟು ದಿನ ಅಂತ ಪೇಂಟರನ್ನೇ ಕೇಳಿ. ಬಣ್ಣದೊಳಗಿನ ಥಿನ್ನರ್ ಪೂರ್ತಿ ಹೊರಬರಬೇಕು.

ಬಂಪರಿನ ಕ್ರೋಮ್ ಮೇಲೆ ಚುಕ್ಕಿ ತುಕ್ಕು ಇದ್ದರೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯುಮಿನಿಯಂ ಕ್ರೋಮ್‌ಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಹತ್ತಿರವೂ ತರಬೇಡಿ. ಉಜ್ಜಿದ ಮೇಲೆ ಕ್ರೋಮಿಗೂ ವ್ಯಾಕ್ಸ್ ಹಚ್ಚಿ.

ಒಳಗೆ, ಬಾನೆಟ್ ಕೆಳಗೆ

ಮಳೆಗಾಲ ಕಳೆದ ಕಾರಿನಲ್ಲಿ ಮುಗ್ಗಲು ವಾಸನೆ ಇರುತ್ತದೆ. ಸೆಂಟು ಹೊಡೆದು ಮುಚ್ಚಬೇಡಿ. ಮ್ಯಾಟು ಎತ್ತಿ, ಸೀಟು ಬಿಚ್ಚಿ ಹೊರಗಿಡಿ. ಸೀಟಿನಲ್ಲಿ ತೆಂಗಿನ ನಾರು ತುಂಬಿದ್ದರೆ ಒಣಗಲು ಎರಡು ಮೂರು ದಿನ ಬೇಕು. ರೆಕ್ಸಿನ್ನಿಗೆ ನೇರ ಬಿಸಿಲು ಬೇಡ, ಬಿರಿಯುತ್ತದೆ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್‌ಗೆ ಸ್ವಲ್ಪ ಗ್ಲಿಸರಿನ್ ಸವರಿ.

ಎಂಜಿನ್‌ಗೆ ಸರ್ವಿಸ್ ಸ್ಟೇಶನ್ನಿನ ಜೋರು ನೀರು ಹೊಡೆಸಬೇಡಿ. ಎಂಜಿನ್‌ಗೆ ಕಿಡಿ ಕೊಡುವ ಡಿಸ್ಟ್ರಿಬ್ಯೂಟರ್, ಕಾಯಿಲ್‌ಗೆ ನೀರು ಹೊಕ್ಕರೆ ಪ್ರದರ್ಶನದ ಬೆಳಿಗ್ಗೆ ಕಾರು ಏಳುವುದೇ ಇಲ್ಲ. ಬ್ರಶ್, ಬಟ್ಟೆ, ಸ್ವಲ್ಪ ಡಿಗ್ರೀಸರ್ ಸಾಕು. ಬ್ಯಾಟರಿ ತುದಿಯ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೆಗೆದು ವ್ಯಾಸಲೀನ್ ಹಚ್ಚಿ. ಬ್ರೇಕ್ ಆಯಿಲ್ ಹಾಕುವಾಗ ಒಂದು ಹನಿಯೂ ಬಣ್ಣದ ಮೇಲೆ ಬೀಳಬಾರದು. ಬಿದ್ದರೆ ಆ ಕ್ಷಣವೇ ನೀರಲ್ಲಿ ತೊಳೆಯಿರಿ, ಇಲ್ಲವಾದರೆ ಬಣ್ಣ ಉಬ್ಬಿ ಏಳುತ್ತದೆ.

ದಾರಿ ಮತ್ತು ಮೈದಾನ

ಪಣಜಿ ಕಡೆಗಾದರೆ ಹೆದ್ದಾರಿ, ತೊಂದರೆ ಇಲ್ಲ. ಹುಬ್ಬಳ್ಳಿ ಕಡೆಗಾದರೆ ಅರಬೈಲ್ ಘಾಟ್, ಕುಮಟಾದಿಂದ ಶಿರಸಿಗಾದರೆ ದೇವಿಮನೆ ಘಾಟ್ ಹತ್ತಬೇಕು. ಬೆಳಗಿನ ತಂಪಿಗೆ ಹೊರಡಿ, ಮೇಲೆ ತಲುಪಿ ಅರ್ಧ ಗಂಟೆ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಇಳಿಯುವಾಗ ಎರಡನೇ ಗೇರಿನಲ್ಲೇ ಬನ್ನಿ, ಹಳೆ ಡ್ರಮ್ ಬ್ರೇಕು ಕಾದರೆ ಹಿಡಿಯುವುದಿಲ್ಲ.

ಮೈದಾನದಲ್ಲಿ ಕಾರಿನ ಅಡಿಗೆ ಒಂದು ತಗಡಿನ ಟ್ರೇ ಇಡಿ, ಆಯಿಲ್ ಹನಿ ನೆಲಕ್ಕೆ ಬೀಳದಿರಲಿ. ಬ್ಯಾಟರಿಯ ಒಂದು ವೈರ್ ಬಿಚ್ಚಿಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿರಲಿ. ಕಾರಿನ ವರ್ಷ, ಎಂಜಿನ್ ಅಳತೆ (ಪದ್ಮಿನಿಗೆ 1089 ಸಿಸಿ), ಯಾರಿಂದ ಯಾರಿಗೆ ಬಂತು, ಏನೇನು ಬದಲಿಸಿದ್ದೀರಿ ಎಂದು ಒಂದು ಬೋರ್ಡಿನಲ್ಲಿ ಬರೆಯಿರಿ. ಬದಲಿಸಿದ್ದನ್ನು ಮುಚ್ಚಿಡಬೇಡಿ. ರಿಪೇರಿ ಕಾಲದ ಫೋಟೊ ಆಲ್ಬಮ್ ಪಕ್ಕದಲ್ಲಿಡಿ. ಜನ ಕಾರಿಗಿಂತ ಅದನ್ನೇ ಜಾಸ್ತಿ ಹೊತ್ತು ನೋಡುತ್ತಾರೆ. ಮಕ್ಕಳು ಸ್ಟೇರಿಂಗ್ ಹಿಡಿಯುತ್ತೇನೆ ಎಂದರೆ ತೀರ್ಪು ಮುಗಿದ ಮೇಲೆ ಕೂರಿಸಿ. ನಾನಂತೂ ಯಾರಿಗೂ ಇಲ್ಲ ಅನ್ನುವುದಿಲ್ಲ.

ಪ್ರದರ್ಶನ ಕಡಲತೀರದಲ್ಲಿದ್ದರೆ ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ಕಾರಿನ ಮೇಲೆ ಉಪ್ಪು ಕೂತಿರುವಾಗ ಒಣ ಬಟ್ಟೆ ಎಳೆಯಬೇಡಿ, ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಎತ್ತಿ ತೆಗೆಯಿರಿ.

ಮನೆಗೆ ಬಂದ ರಾತ್ರಿ ಎಷ್ಟೇ ದಣಿವಿರಲಿ, ಅಡಿ ಭಾಗಕ್ಕೆ ಒಮ್ಮೆ ಸಿಹಿನೀರು ಹೊಡೆದೇ ಮಲಗಿ. ಕಾರು ಒಣಗುವ ಮುಂಚೆ ಹೊದಿಕೆ ಹಾಕಬೇಡಿ, ಪ್ಲಾಸ್ಟಿಕ್ ತಾಡಪತ್ರಿಯಂತೂ ಯಾವತ್ತೂ ಬೇಡ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದು, ಕೆಳ ಅಂಚಿನ ತೂತುಗಳಿಗೆ ಬೆರಳು ಒತ್ತಿ ನೋಡಿ. ಬೆರಳು ಒದ್ದೆಯಾದರೆ ಹಿಡಿಕಡ್ಡಿ ತನ್ನಿ.