ಅಪ್‌ಡೇಟ್ ಇಳಿದರೆ ಸಾಲದು, ಬ್ರೌಸರ್ ಮುಚ್ಚಿ ತೆರೆಯಬೇಕು

2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಎಂಬ ಬಗೆಯ ಚಿತ್ರಗಳನ್ನು ತೋರಿಸುವ ಕೋಡಿನಲ್ಲಿ ಒಂದು ದೋಷ ಪತ್ತೆಯಾಯಿತು. ಕಿಡಿಗೇಡಿಗಳು ಸಿದ್ಧಪಡಿಸಿದ ಚಿತ್ರವಿರುವ ಪುಟ ತೆರೆದರೆ ಸಾಕು, ದಾಳಿ ನಡೆಸಬಹುದಿತ್ತು; ಏನನ್ನೂ ಡೌನ್‌ಲೋಡ್ ಮಾಡಬೇಕಿರಲಿಲ್ಲ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಬ್ರೌಸರ್‌ಗಳಲ್ಲಿ ಅದೇ ಕೋಡ್ ಇತ್ತು. ಕ್ರೋಮ್‌ಗೆ ಸೆಪ್ಟೆಂಬರ್ 11ರಂದು, ಫೈರ್‌ಫಾಕ್ಸ್‌ಗೆ ಮರುದಿನವೇ ಪರಿಹಾರ ಬಂತು.

ಇಂಥ ಅಪ್‌ಡೇಟ್ ತಾನಾಗಿಯೇ ಇಳಿಯುತ್ತದೆ, ನಿಜ. ಆದರೆ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯುವವರೆಗೆ ಹಳೆಯ ಕೋಡೇ ಓಡುತ್ತಿರುತ್ತದೆ. ಲ್ಯಾಪ್‌ಟಾಪ್ ಮಡಚಿಟ್ಟರೆ ಅದು ನಿದ್ದೆಗೆ ಹೋಗುತ್ತದಷ್ಟೇ, ಬ್ರೌಸರ್ ಮುಚ್ಚುವುದಿಲ್ಲ. ದೋಷ ಎಲ್ಲಿತ್ತೆಂಬುದನ್ನು ಹೊಸ ಆವೃತ್ತಿಯೇ ದಾಳಿಕೋರರಿಗೆ ತೋರಿಸಿಕೊಡುವುದರಿಂದ ಈ ನಡುವಿನ ದಿನಗಳೇ ಹೆಚ್ಚು ಅಪಾಯದವು.

ಕ್ರೋಮ್‌ನಲ್ಲಿ ಬಲಮೇಲಿನ ಮೂರು ಚುಕ್ಕೆ ಒತ್ತಿ, ‘ಹೆಲ್ಪ್’ನಲ್ಲಿ ‘ಅಬೌಟ್ ಗೂಗಲ್ ಕ್ರೋಮ್’ ತೆರೆಯಿರಿ. ಆ ಪುಟ ತೆರೆದೊಡನೆ ತಪಾಸಣೆ ಶುರುವಾಗುತ್ತದೆ. ‘ರೀಲಾಂಚ್’ ಕಂಡರೆ ಆಗಲೇ ಒತ್ತಿ. ಟ್ಯಾಬ್‌ಗಳು ಮರಳಿ ಬರುತ್ತವೆ; ಇನ್‌ಕಾಗ್ನಿಟೊ (ನೋಡಿದ ಪುಟಗಳ ದಾಖಲೆ ಉಳಿಸದ) ಕಿಟಕಿಗಳು ಬರುವುದಿಲ್ಲ. ಅರ್ಧ ತುಂಬಿದ ಅರ್ಜಿಯಿದ್ದರೆ ಮೊದಲು ಮುಗಿಸಿಕೊಳ್ಳಿ. ಎಡ್ಜ್, ಫೈರ್‌ಫಾಕ್ಸ್‌ಗಳಲ್ಲೂ ಹೆಲ್ಪ್ ಮೆನುವಿನಲ್ಲೇ ‘ಅಬೌಟ್’ ಸಿಗುತ್ತದೆ. ವಾರಕ್ಕೊಮ್ಮೆ ನೋಡಿ. ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಡೌನ್‌ಲೋಡ್ ಮಾಡಿ’ ಎಂದು ಯಾವುದೋ ವೆಬ್‌ಸೈಟ್ ಹೇಳಿದರೆ ಮಾತ್ರ ನಂಬಲೇಬೇಡಿ.

ವಿಂಡೋಸ್ 7, 8.1 ಇರುವ ಕಂಪ್ಯೂಟರಿನಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತುಬಿಟ್ಟಿದೆ. ಏನು ಒತ್ತಿದರೂ ಮುಂದೆ ಹೋಗದು. ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ರೌಸರ್ ಹೊಸದಾಗಿದ್ದರೂ ಅದರಡಿಯ ವಿಂಡೋಸ್‌ನ ತೂತು ಹಾಗೇ ಉಳಿಯಬಹುದು. ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಕೊಳ್ಳಿ, ಇಲ್ಲವೇ ವಿಂಡೋಸ್ 11ಕ್ಕೆ ಬದಲಾಯಿಸಿ.

ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಮುಗಳಾದ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನೂ ತೆರೆದು ಒಂದೊಂದರ ‘ಡೀಟೇಲ್ಸ್’ ನೋಡಿ. ಎಲ್ಲ ಸೈಟ್‌ಗಳ ಮಾಹಿತಿ ಓದಿ ಬದಲಿಸುವ ಅನುಮತಿ ಪಡೆದದ್ದು ನಿಮ್ಮ ಬ್ಯಾಂಕ್ ಪುಟವನ್ನೂ ಓದಬಲ್ಲದು. ಬಳಸದಿರುವುದನ್ನು ‘ರಿಮೂವ್’ ಮಾಡಿ.

ಬಹಳ ಮನೆಗಳಲ್ಲಿ ಬಿಟ್ಟುಹೋಗುವ ಕೆಲಸವೊಂದಿದೆ: ದಿನಬಳಕೆಗೆ ಕಂಪ್ಯೂಟರಿನ ಪೂರ್ಣ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಖಾತೆ ಬೇಡ. ಬ್ರೌಸರಿನಿಂದ ನುಸುಳಿದ ಪ್ರೋಗ್ರಾಮಿಗೆ ಸಾಮಾನ್ಯವಾಗಿ ನಿಮ್ಮ ಖಾತೆಗಿರುವಷ್ಟೇ ಅಧಿಕಾರ ಸಿಗುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ನಲ್ಲಿ ‘ಸ್ಟ್ಯಾಂಡರ್ಡ್’ ಬಗೆಯ ಖಾತೆ ಮಾಡಿ, ಮಕ್ಕಳೂ ಹಿರಿಯರೂ ಅದನ್ನೇ ಬಳಸಲಿ. ಯಾವುದೇ ಪುಟ ನೋಡುತ್ತಿರುವಾಗ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುವ ಕಿಟಕಿ ತಾನಾಗಿ ಎದ್ದರೆ ‘ನೋ’ ಒತ್ತಿ, ಬ್ರೌಸರ್ ಮುಚ್ಚಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಫುಲ್ ಸ್ಕ್ಯಾನ್’ ನಡೆಸಿ.