ಪಿಆರ್‌ಯು ಮೆಮೊರಿ ಓದಲು ಯೂಸರ್ ಪ್ರೋಗ್ರಾಂ ಸಾಕಾ, ಡ್ರೈವರ್ ಬೇಕಾ?

ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿ ಲಿನಕ್ಸ್ ಓಡಿಸುವ ಆರ್ಮ್ ಕೋರ್ ಜೊತೆಗೆ ಪಿಆರ್‌ಯು ಅನ್ನುವ ಎರಡು ಪುಟ್ಟ ಕೋರ್‌ಗಳಿವೆ. 200 ಮೆಗಾಹರ್ಟ್ಜ್‌ನವು. ಅದರಲ್ಲಿ ಒಂದನ್ನು ಸೆನ್ಸರ್ ಓದುವ ಕೆಲಸಕ್ಕೆ ಬಿಟ್ಟಿದ್ದೆ. ಅದು ಓದಿದ್ದನ್ನೆಲ್ಲ 12 ಕೆಬಿ ಶೇರ್ಡ್ ರ‍್ಯಾಮ್‌ನ ರಿಂಗ್ ಬಫರ್‌ಗೆ (ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಬರೆಯುವ ಜಾಗ) ತುಂಬುತ್ತದೆ. ಲಿನಕ್ಸ್ ಕಡೆಯಿಂದ ಅದನ್ನು ಎತ್ತಿಕೊಳ್ಳಬೇಕಿತ್ತು.

ಮೊದಲು ಸುಲಭದ ದಾರಿ ಹಿಡಿದೆ. ರೂಟ್ ಆಗಿ ಡೆವ್-ಮೆಮ್ (ಬೋರ್ಡಿನ ಮೆಮೊರಿಯನ್ನು ನೇರವಾಗಿ ತೋರಿಸುವ ಫೈಲ್) ತೆರೆದು ಎಂಮ್ಯಾಪ್ ಮಾಡಿದೆ, ಅಂದರೆ ಆ ಮೆಮೊರಿಯನ್ನು ನನ್ನ ಪ್ರೋಗ್ರಾಂನ ವಿಳಾಸಗಳಿಗೆ ಜೋಡಿಸಿದೆ. ಆಫ್‌ಸೆಟ್ 4096ರ ಗಡಿಗೆ ಸರಿಯಾಗಿ ಕೂರಬೇಕು. ಪಾಯಿಂಟರ್‌ಗೆ ವೊಲಟೈಲ್ ಬೇಕೇ ಬೇಕು. ಇಲ್ಲದಿದ್ದರೆ ಕಂಪೈಲರ್ ಹೆಡ್ ಇಂಡೆಕ್ಸನ್ನು (ಪಿಆರ್‌ಯು ಎಲ್ಲಿಯ ತನಕ ಬರೆದಿದೆ ಅನ್ನುವ ಗುರುತು) ಒಂದೇ ಸಲ ಓದಿ ಇಟ್ಟುಕೊಂಡು, ಆ ಹಳೇ ಬೆಲೆಯನ್ನೇ ನೋಡುತ್ತಾ ಲೂಪ್‌ನಲ್ಲಿ ಸುತ್ತಬಹುದು. ಪಿಆರ್‌ಯು ಕ್ಲಾಕ್ ಆನ್ ಆಗಿರದಿದ್ದರೆ ಮೊದಲ ಓದಿಗೇ ಬಸ್ ಎರರ್. ಮೆಮೊರಿ ನಕಲು ಮಾಡುವ ಸಿ ಫಂಕ್ಷನ್ ಮೆಮ್‌ಕಾಪಿಯನ್ನೂ ಇಲ್ಲಿ ನಂಬುವ ಹಾಗಿಲ್ಲ, ಹೀಗೆ ಮ್ಯಾಪ್ ಮಾಡಿದ ಡಿವೈಸ್ ಮೆಮೊರಿಗೆ ಅಲೈನ್ ಆಗದ (ವರ್ಡ್ ಗಡಿಗೆ ಕೂರದ) ಓದು ಆಗಿಬರುವುದಿಲ್ಲ. 32 ಬಿಟ್‌ನ ಒಂದೊಂದೇ ವರ್ಡ್ ಓದುವ ಲೂಪ್ ಬರೆದೆ, ಅಷ್ಟೇ.

ಕರ್ನಲ್ ಒಳಗೆ ಓಡುವ ಡ್ರೈವರ್ ಬರೆದರೆ ಓದುವ ವೇಗ ಹೆಚ್ಚುತ್ತದೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಇಲ್ಲ. ಮ್ಯಾಪ್ ಆದಮೇಲೆ ಎರಡೂ ಕಡೆ ಅದೇ ಲೋಡ್, ಅದೇ ಬಸ್. ಡ್ರೈವರ್‌ನ ರೀಡ್ ಮೂಲಕ ತಂದರೆ ಯೂಸರ್ ಕಡೆಗೆ ಇನ್ನೊಂದು ಕಾಪಿ ಜಾಸ್ತಿಯೇ ಆಗುತ್ತದೆ. ನಿಜವಾದ ವ್ಯತ್ಯಾಸ ಇಂಟರಪ್ಟ್‌ನದು, ಅಂದರೆ ಹಾರ್ಡ್‌ವೇರ್ ತಾನಾಗಿಯೇ ಕಳಿಸುವ ಸೂಚನೆಯದು. ಡೆವ್-ಮೆಮ್‌ನಲ್ಲಿ ಅದು ಸಿಗುವುದೇ ಇಲ್ಲ. ಹೊಸದೇನಾದರೂ ಬಂತಾ ಅಂತ ಸುಮ್ನೆ ನೋಡುತ್ತಾ ಕೂರಬೇಕು. ಇರುವ ಒಂದೇ ಆರ್ಮ್ ಕೋರನ್ನು ನನ್ನ ಲೂಪ್ ಪೂರ್ತಿ ನುಂಗುತ್ತಿತ್ತು.

ಅದಕ್ಕೇ ಯುಐಒಗೆ (ಯೂಸರ್ ಪ್ರೋಗ್ರಾಂನಿಂದಲೇ ಹಾರ್ಡ್‌ವೇರ್ ನಡೆಸಲು ಲಿನಕ್ಸ್ ಕೊಡುವ ವ್ಯವಸ್ಥೆ) ಬಂದೆ. ಕರ್ನಲ್ ಕಡೆ ಚಿಕ್ಕ ಡ್ರೈವರ್ ಮಾತ್ರ, ಉಳಿದದ್ದೆಲ್ಲ ಯೂಸರ್ ಪ್ರೋಗ್ರಾಂನಲ್ಲಿ. ರೀಡ್ ಕರೆದರೆ ಇಂಟರಪ್ಟ್ ಬರುವ ತನಕ ಪ್ರೋಗ್ರಾಂ ಮಲಗಿರುತ್ತದೆ. ಎದ್ದಾಗ 4 ಬೈಟ್‌ನ ಎಣಿಕೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ಇಂಟರಪ್ಟನ್ನು ಮತ್ತೆ ಎನೇಬಲ್ ಮಾಡಬೇಕು, ಮರೆತರೆ ಮುಂದಿನ ರೀಡ್ ಏಳುವುದೇ ಇಲ್ಲ. ಒಂದೇ ಪ್ರೋಗ್ರಾಂ, ಪುಟ್ಟ ಬಫರ್ ಅಂದರೆ ನಾನು ಈಗಲೂ ಇದನ್ನೇ ಆರಿಸುತ್ತೇನೆ.

12 ಕೆಬಿ ಸಾಲದೆ ಡಿಡಿಆರ್‌ನಲ್ಲಿ (ಬೋರ್ಡಿನ ಮುಖ್ಯ ರ‍್ಯಾಮ್) ದೊಡ್ಡ ಬಫರ್ ಬೇಕಾದಾಗ ಮಾತ್ರ ಪೂರ್ತಿ ಡ್ರೈವರ್ ಬರೆದೆ. ಅಷ್ಟು ದೊಡ್ಡ, ಒಂದೇ ಸಾಲಿನ, ಕ್ಯಾಶ್ ಕಾಟವಿಲ್ಲದ ಮೆಮೊರಿಯನ್ನು ಡಿಎಂಎ-ಅಲಾಕ್-ಕೊಹೆರೆಂಟ್ ಅನ್ನುವ ಕರ್ನಲ್ ಫಂಕ್ಷನ್‌ನಿಂದ ಪಡೆಯಲು ಕರ್ನಲ್ ಒಳಗೇ ಇರಬೇಕಲ್ವಾ. ಇನ್ನೊಂದು ಲಾಭವೂ ಇದೆ: ಪ್ರೋಗ್ರಾಂ ಕ್ರ್ಯಾಶ್ ಆದರೂ ಡ್ರೈವರ್‌ನ ರಿಲೀಸ್ ಫಂಕ್ಷನ್ ಓಡಿ ಪಿಆರ್‌ಯುವನ್ನು ನಿಲ್ಲಿಸುತ್ತದೆ. ಬಫರನ್ನು ಎಂಮ್ಯಾಪ್ ಮೂಲಕವೇ ಹೊರಗೆ ಕೊಟ್ಟಿದ್ದರಿಂದ ಹಳೇ ಲೂಪ್ ಹಾಗೇ ಉಳಿಯಿತು. ಹೆಡ್ ಓದಿದ ಮೇಲೆ ಒಂದು ಮೆಮೊರಿ ಬ್ಯಾರಿಯರ್ (ಓದುಗಳ ಕ್ರಮ ಅದಲುಬದಲಾಗದಂತೆ ತಡೆಯುವ ಸೂಚನೆ) ಸೇರಿಸಿದೆ. ಡಿವೈಸ್ ಮೆಮೊರಿಯಲ್ಲಿ ಓದಿನ ಕ್ರಮವನ್ನು ಹಾರ್ಡ್‌ವೇರೇ ಕಾಯುತ್ತದೆ, ಡಿಡಿಆರ್ ಬಫರ್‌ನಲ್ಲಿ ಆ ಭರವಸೆ ಇಲ್ಲ.