ಗಡಿಯಾರ ಗೋಪುರದ ಇಟ್ಟಿಗೆ ಉದುರುವುದನ್ನು ನಿಲ್ಲಿಸಿದ್ದು ಹೀಗೆ: ನನ್ನ ಅನುಭವ

ಊರಿನ ಹಳೆಯ ಗಡಿಯಾರ ಗೋಪುರದ ದುರಸ್ತಿಗೆ ಸ್ವಯಂಸೇವಕರಾಗಿ ನಿಂತ ನಮ್ಮನ್ನು ಬಹಳವಾಗಿ ಕಾಡಿದ್ದು, ಬುಡದ ಇಟ್ಟಿಗೆಗಳು ಬಿಳಿ ಉಪ್ಪು ಕಟ್ಟಿ ಪುಡಿಯಾಗಿ ಉದುರುತ್ತಿದ್ದ ಸಮಸ್ಯೆ. ಕಾರಣ, ಹಿಂದೆಂದೋ ಬಳಿದಿದ್ದ ಸಿಮೆಂಟ್ ಗಿಲಾವು. ಸುಣ್ಣದ ಗಾರೆಯ ಗೋಡೆ ನೆಲದಿಂದ ಹೀರಿದ ತೇವವನ್ನು ತಾನೇ ಹೊರಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ತಡೆಯುವುದರಿಂದ ನೀರಿನಲ್ಲಿ ಕರಗಿದ ಲವಣಗಳು ಮೆದುವಾದ ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಒಡೆಯುತ್ತವೆ. ಆದ್ದರಿಂದ ಗಿಲಾವನ್ನು ಸಣ್ಣ ಉಳಿಯಿಂದ ಬಿಡಿಸಿ (ಯಂತ್ರ ಬಳಸಿದರೆ ಇಟ್ಟಿಗೆಯ ಅಂಚುಗಳು ಮುರಿಯುತ್ತವೆ), ಗೋಡೆ ಒಣಗಿದ ಮೇಲೆ 1 ಪಾಲು ಸುಣ್ಣಕ್ಕೆ 3 ಪಾಲು ಮರಳು ಬೆರೆಸಿದ ಗಾರೆಯನ್ನು ಸಂದುಗಳಿಗೆ ತುಂಬಿದೆವು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಬಹು ನಿಧಾನವಾಗಿ ಗಟ್ಟಿಯಾಗುವುದರಿಂದ, ಅದು ಬೇಗ ಒಣಗದಂತೆ ಒದ್ದೆ ಗೋಣಿತಾಟು ಹೊದಿಸಿ ಕಾಯ್ದೆವು. ಇಡೀ ಕೆಲಸದಲ್ಲಿ ಈ ತಾಳ್ಮೆಯೇ ಮುಖ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಮಳೆಗಾಲ ಕಳೆದ ಮೇಲೂ ಇಟ್ಟಿಗೆಗಳು ಉದುರಿಲ್ಲ.